ಸರ್ ಚಾರ್ಲ್ಸ್ ಬ್ರೈಟ್: ತಾಮ್ರದ ತೂಕ, ಸಂಸತ್ತಿನ ಮೂರು ವರ್ಷ

ಕೇಳುಗರಿಗೆ ನಮಸ್ಕಾರ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಸಂಸತ್ತಿಗೆ ಆರಿಸಿಬಂದ ಒಬ್ಬ ವಿದ್ಯುತ್ ಎಂಜಿನಿಯರ್ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಅವರ ಹೆಸರು ಸರ್ ಚಾರ್ಲ್ಸ್ ಟಿಲ್‌ಸ್ಟನ್ ಬ್ರೈಟ್. ಸಂಸತ್ತಿನಲ್ಲಿ ಇದ್ದದ್ದು ಮೂರೇ ವರ್ಷ, ಆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಒಂದು ಮಾತು ಕಿವಿಗೆ ಹಾಕಿಕೊಳ್ಳಿ: ತಂತಿ ಉದ್ದವಾದಷ್ಟೂ ತಾಮ್ರ ದಪ್ಪ ಇರಬೇಕು. ಬ್ರೈಟ್ ಇದನ್ನೇ ಹೇಳಿದರು. ಕಂಪನಿಯವರು ಕೇಳಲಿಲ್ಲ.

ಬ್ರೈಟ್ ಹುಟ್ಟಿದ್ದು 1832ರಲ್ಲಿ. ಹದಿನೈದನೆಯ ವಯಸ್ಸಿಗೇ ಟೆಲಿಗ್ರಾಫ್ ಕಂಪನಿ ಸೇರಿದರು. ಹತ್ತೊಂಬತ್ತಕ್ಕೆ ಮ್ಯಾಂಚೆಸ್ಟರ್ ಬೀದಿಗಳ ಕೆಳಗೆ ಒಂದೇ ರಾತ್ರಿಯಲ್ಲಿ ತಂತಿ ಹಾಕಿಸಿ, ಬೆಳಗಾಗುವಷ್ಟರಲ್ಲಿ ರಸ್ತೆ ಮುಚ್ಚಿಸಿದರು. 1852ರಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ಪಡೆದ ಪೇಟೆಂಟಿನಲ್ಲಿ, ಕುಳಿತ ಕಡೆಯಿಂದಲೇ ತಂತಿಯ ದೋಷ ಎಲ್ಲಿದೆ ಎಂದು ಕಂಡುಹಿಡಿಯುವ ಉಪಾಯವಿತ್ತು. ಲೆಕ್ಕ ಸುಲಭ. ಮೈಲಿಗೆ ಇಷ್ಟು ರೋಧ, ಅಂದರೆ ವಿದ್ಯುತ್ತಿಗೆ ತಂತಿ ಒಡ್ಡುವ ತಡೆ, ಎಂದು ಗೊತ್ತಿದ್ದರೆ, ಅಳತೆಯ ಸುರುಳಿಗಳನ್ನು ಜೋಡಿಸಿ ಒಂದು ತುದಿಯಿಂದ ರೋಧ ಅಳೆಯಿರಿ, ಭಾಗಿಸಿ. ಮೈಲಿಗೆ 10 ಇದ್ದು ಅಳತೆ 400 ಬಂದರೆ ನಲವತ್ತನೆಯ ಮೈಲಿಯಲ್ಲಿ ಅಗೆಯಿರಿ. ಊರೆಲ್ಲ ಅಗೆಯುವುದು ಬೇಡ.

ಈಗ ಅಟ್ಲಾಂಟಿಕ್ ಕೇಬಲ್, ಅಂದರೆ ಐರ್ಲೆಂಡಿನಿಂದ ಅಮೆರಿಕದ ಕಡೆಗೆ ಸಾಗರದ ತಳದಲ್ಲಿ ಹಾಕುವ ಟೆಲಿಗ್ರಾಫ್ ತಂತಿ. 1856ರಲ್ಲಿ ಕಂಪನಿ ಹುಟ್ಟಿತು, ಇಪ್ಪತ್ನಾಲ್ಕರ ಬ್ರೈಟ್ ಮುಖ್ಯ ಎಂಜಿನಿಯರ್ ಆದರು. ನಾಟಿಕಲ್ ಮೈಲಿಗೆ 392 ಪೌಂಡ್ ತಾಮ್ರ, ಅಷ್ಟೇ ತೂಕದ ಗಟ್ಟಾಪರ್ಚಾ ಬೇಕು ಎಂಬುದು ಅವರ ಲೆಕ್ಕ. ಗಟ್ಟಾಪರ್ಚಾ ಎಂದರೆ ಮಲಯ ಸೀಮೆಯ ಮರದ ಹಾಲು, ಆಗಿನ ಇನ್ಸುಲೇಷನ್, ವಿದ್ಯುತ್ ಹೊರಗೆ ಸೋರದಂತೆ ತಾಮ್ರಕ್ಕೆ ಹಾಕುವ ಹೊದಿಕೆ. ಆದರೆ ಅವರು ಕುರ್ಚಿಗೆ ಬರುವಷ್ಟರಲ್ಲಿ ಆರ್ಡರ್ ಹೋಗಿಯಾಗಿತ್ತು. ತಾಮ್ರ 107 ಪೌಂಡ್, ಗಟ್ಟಾಪರ್ಚಾ 261. ತಾಮ್ರದಲ್ಲಿ ಮುಕ್ಕಾಲು ಪಾಲು ಉಳಿತಾಯ! ಕೇಬಲ್ ಕೆಟ್ಟದ್ದಕ್ಕೆ ಕಾರಣ ಹುಡುಕುವವರು ಇಲ್ಲಿಂದಲೇ ಶುರುಮಾಡಬೇಕು.

ದಪ್ಪ ಯಾಕೆ ಬೇಕು? ಸಮುದ್ರದ ಕೇಬಲ್‌ನಲ್ಲಿ ಒಳಗೆ ತಾಮ್ರ, ಹೊರಗೆ ಉಪ್ಪುನೀರು, ನಡುವೆ ಇನ್ಸುಲೇಷನ್. ಅಂದರೆ ಇಡೀ ಕೇಬಲ್ಲೇ ಒಂದು ಕೆಪಾಸಿಟರ್, ವಿದ್ಯುತ್ ತುಂಬಿಟ್ಟುಕೊಳ್ಳುವ ಪಾತ್ರೆ ಇದ್ದಂತೆ. ಈ ತುದಿಯಲ್ಲಿ ಕೀಲಿ ಒತ್ತಿದರೆ ಮೊದಲು ಆ ಉದ್ದವೆಲ್ಲ ತುಂಬಬೇಕು, ಆಮೇಲೆ ಆ ತುದಿಯ ಮುಳ್ಳು ಅಲುಗಬೇಕು. ತಾಮ್ರ ತೆಳುವಾದರೆ ರೋಧ ಹೆಚ್ಚು, ತುಂಬುವುದು ತಡ. ಉದ್ದ ಎರಡು ಪಟ್ಟಾದರೆ ಸಂದೇಶ ನಾಲ್ಕು ಪಟ್ಟು ನಿಧಾನ. ವೋಲ್ಟೇಜ್ ಏರಿಸಿದರೆ ವೇಗ ಬರುವುದಿಲ್ಲ, ಇನ್ಸುಲೇಷನ್ ತೂತಾಗುತ್ತದೆ, ಅಷ್ಟೆ. ತೋಟದ ಮೂಲೆಯ ಕೊಳವೆಬಾವಿಗೆ ಸಣ್ಣ ಗೇಜಿನ ವೈರ್ ಎಳೆದು ಮೋಟರ್ ಸುಟ್ಟುಕೊಂಡವರಿಗೆ ತೆಳು ತಾಮ್ರದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಎಡವಟ್ಟು ಕೇಳಿ, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಮಯ ಉಳಿಸಲು ಕೇಬಲ್ಲನ್ನು ಎರಡು ಕಾರ್ಖಾನೆಗಳಿಗೆ ಹಂಚಿದರು. ಅರ್ಧ ಗ್ರೀನಿಚ್‌ನಲ್ಲಿ, ಅರ್ಧ ಬರ್ಕನ್‌ಹೆಡ್‌ನಲ್ಲಿ. ಹೊರಗಿನ ಕಬ್ಬಿಣದ ತಂತಿಗಳನ್ನು ಒಬ್ಬರು ಎಡಕ್ಕೆ ಹುರಿಮಾಡಿದರು, ಇನ್ನೊಬ್ಬರು ಬಲಕ್ಕೆ. ಯಾವ ಕಡೆಗೆ ಎಂದು ಹೇಳಬೇಕಾದವರು ಹೇಳಿರಲಿಲ್ಲ. ಒಂದೇ ಹುರಿಯ ಎರಡು ತುಂಡು ಬೆಸೆದು ಜಗ್ಗಿದರೆ ಒಂದರ ತಿರುಚನ್ನು ಇನ್ನೊಂದು ತಡೆಯುತ್ತದೆ. ಎಡಹುರಿಗೆ ಬಲಹುರಿ ಬೆಸೆದರೆ ಜಗ್ಗಿದಾಗ ಎರಡೂ ಸೇರಿ ಬೆಸುಗೆಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಹುರಿ ಬಿಚ್ಚುತ್ತದೆ, ಕಬ್ಬಿಣ ಸಡಿಲವಾಗುತ್ತದೆ, ಭಾರವೆಲ್ಲ ಒಳಗಿನ ತಾಮ್ರದ ಮೇಲೆ ಬೀಳುತ್ತದೆ. ಆ ತಾಮ್ರವೋ, ಮೊದಲೇ ತೆಳು! ಕೊನೆಗೆ ಬೆಸುಗೆ ತಿರುಗದಂತೆ ಮರದ ಚೌಕಟ್ಟಿನಲ್ಲಿ ಬಿಗಿದು, ಭಾರ ಕಟ್ಟಿ ನೀರಿಗೆ ಇಳಿಸಬೇಕಾಯಿತು. 1858ರ ಜುಲೈ 29ರಂದು ನಡುಸಮುದ್ರದಲ್ಲಿ ಕಟ್ಟಿದ ಆ ಭಾರವೂ ಕಳಚಿಬಿತ್ತು. ಬದಲಿಗೆ 32 ಪೌಂಡಿನ ಫಿರಂಗಿ ಗುಂಡು ಕಟ್ಟಿದರು.

ಅದಕ್ಕೆ ಹಿಂದಿನ ವರ್ಷ, ಹಡಗಿನಿಂದ ಕೇಬಲ್ ಬಿಡುವ ಯಂತ್ರದ ಬ್ರೇಕಿನ ಗೋಳು. 1857ರ ಆಗಸ್ಟ್ 11ರ ನಸುಕಿನಲ್ಲಿ, ಮುನ್ನೂರಕ್ಕೂ ಹೆಚ್ಚು ಮೈಲಿ ಕೇಬಲ್ ಬಿಟ್ಟಾದ ಮೇಲೆ, ಬ್ರೈಟ್ ಹಡಗಿನ ವೇಗ ನೋಡಲು ಸ್ವಲ್ಪ ಆಚೆ ಹೋದರು. ಹಡಗಿನ ಹಿಂಭಾಗ ಅಲೆಯ ಮೇಲೆ ಏಳುವಾಗ ಬ್ರೇಕ್ ಸಡಿಲಿಸಬೇಕು, ಇಳಿಯುವಾಗ ಬಿಗಿಯಬೇಕು. ಕೆಲಸದವನು ಏಳುವಾಗ ಸಡಿಲಿಸಲಿಲ್ಲ. ಕೇಬಲ್ ಕತ್ತರಿಸಿ ಸಾಗರದ ತಳಕ್ಕೆ ಹೋಯಿತು. ಮರುವರ್ಷ, ಎಳೆತ ಮಿತಿ ಮೀರಿದ ಕೂಡಲೇ ತಾನಾಗಿ ಸಡಿಲವಾಗುವ ಬ್ರೇಕ್ ಕೂರಿಸಿದರು. ಅದು ಕೆಲಸ ಮಾಡಿತು.

1858ರ ಆಗಸ್ಟ್ 5ರಂದು ಐರ್ಲೆಂಡಿನ ವಾಲೆಂಷಿಯಾ ಮತ್ತು ನ್ಯೂಫೌಂಡ್‌ಲ್ಯಾಂಡ್ ನಡುವೆ ತಂತಿ ಕೂಡಿತು. ಕೆಲವೇ ದಿನಗಳಲ್ಲಿ ಡಬ್ಲಿನ್‌ನಲ್ಲಿ ಬ್ರೈಟ್ ಅವರಿಗೆ ಸರ್ ಪದವಿ, ವಯಸ್ಸು ಇಪ್ಪತ್ತಾರು. ರಾಣಿಯ 98 ಪದಗಳ ಸಂದೇಶ ದಾಟಲು 16 ಗಂಟೆ ಹಿಡಿಯಿತು. ಒಂದು ಪದಕ್ಕೆ ಹತ್ತು ನಿಮಿಷ! ತಾಮ್ರ ಉಳಿಸಿದ ಫಲ. ಕಂಪನಿಯ ಎಲೆಕ್ಟ್ರಿಷಿಯನ್ ವೈಟ್‌ಹೌಸ್, ವೃತ್ತಿಯಲ್ಲಿ ಶಸ್ತ್ರವೈದ್ಯ, ವೋಲ್ಟೇಜ್ ಏರಿಸುವ ದೊಡ್ಡ ಇಂಡಕ್ಷನ್ ಕಾಯಿಲ್‌ನಿಂದ ಸುಮಾರು 2,000 ವೋಲ್ಟ್ ಹಾಯಿಸಿದರು. ಕೇಬಲ್ ಮೊದಲೇ ಕಾರ್ಖಾನೆಯ ಅಂಗಳದಲ್ಲಿ ಬಿಸಿಲಿಗೆ ಬಿದ್ದು, ಗಟ್ಟಾಪರ್ಚಾ ಮೆತ್ತಗಾಗಿ, ತಾಮ್ರ ನಡುವಿನಿಂದ ಪಕ್ಕಕ್ಕೆ ಸರಿದಿತ್ತು. ಸೆಪ್ಟೆಂಬರ್ ಆರಂಭಕ್ಕೆ ಓದಬಹುದಾದ ಸಂದೇಶ ನಿಂತಿತು. 1866ರಲ್ಲಿ ಗೆದ್ದ ಕೇಬಲ್‌ನಲ್ಲಿ ತಾಮ್ರ ಎಷ್ಟಿತ್ತು ಗೊತ್ತೇ? ಮೈಲಿಗೆ 300 ಪೌಂಡ್. ವೇಗ ನಿಮಿಷಕ್ಕೆ ಸುಮಾರು ಎಂಟು ಪದ.

ನಮ್ಮ ದೇಶಕ್ಕೆ ಸಂಬಂಧಿಸಿದ್ದು 1864ರ ಪರ್ಷಿಯನ್ ಕೊಲ್ಲಿಯ ಕೇಬಲ್. ಕರಾಚಿಯಿಂದ ಗ್ವಾದರ್, ಮುಸಂದಮ್, ಬುಶೈರ್ ಮೂಲಕ, ಕೊಲ್ಲಿಯ ತುದಿಯಲ್ಲಿ ಈಗಿನ ಇರಾಕ್‌ನ ಫಾವ್‌ವರೆಗೆ. ಈ ಸಲ ಬ್ರೈಟ್ ಮಾತು ನಡೆಯಿತು: ತಾಮ್ರ 225 ಪೌಂಡ್, ಗಟ್ಟಾಪರ್ಚಾ 275. ಬಿಸಿಲಿನ ಕಡಲಲ್ಲವೇ, ಇನ್ಸುಲೇಷನ್ನನ್ನು 75 ಡಿಗ್ರಿ ಫ್ಯಾರನ್‌ಹೀಟ್ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದರು. ಕಬ್ಬಿಣ ತುಕ್ಕು ಹಿಡಿಯದಂತೆ ಸೆಣಬಿನ ನೂಲು ಸುತ್ತಿ ಡಾಂಬರಿನ ಲೇಪ ಕೊಟ್ಟರು. ಫಾವ್ ದಡದಲ್ಲಿ ಹಡಗು ಹತ್ತಿರ ಬರಲಾಗದೆ ಸೊಂಟದವರೆಗಿನ ಕೆಸರಿನಲ್ಲಿ ಆಳುಗಳು ಕೇಬಲ್ ಎಳೆದರು. 1865ರಲ್ಲಿ ಭಾರತಕ್ಕೂ ಯುರೋಪಿಗೂ ತಂತಿಸಂಪರ್ಕ ಬಂತು.

ಅಳತೆಯ ಮಾನಗಳ ಬಗ್ಗೆ ಎರಡೇ ಮಾತು. ದೋಷ ಹುಡುಕಲು ಎಲ್ಲರ ಅಳತೆಕೋಲೂ ಒಂದೇ ಇರಬೇಕು. 1861ರಲ್ಲಿ ಬ್ರೈಟ್ ಮತ್ತು ಇನ್ನೊಬ್ಬ ಎಂಜಿನಿಯರ್ ಲ್ಯಾಟಿಮರ್ ಕ್ಲಾರ್ಕ್, ವಿಜ್ಞಾನಿಗಳ ಹೆಸರಿನಲ್ಲಿ ವಿದ್ಯುತ್ ಮಾನಗಳು ಇರಲಿ ಎಂದು ವಿಜ್ಞಾನಿಗಳ ಸಂಘವಾದ ಬ್ರಿಟಿಷ್ ಅಸೋಸಿಯೇಷನ್ ಮುಂದೆ ಪ್ರಬಂಧ ಓದಿದರು. ಇಂದು ನಿಮ್ಮ ಮನೆಯ ಮೀಟರಿನ ಮೇಲಿರುವ ವೋಲ್ಟ್ ಅದರಲ್ಲಿತ್ತು. ಆದರೆ ಅವರು ಆ ಹೆಸರು ಇಟ್ಟದ್ದು ಈಗಿನಂತೆ ವಿದ್ಯುತ್ತಿನ ಒತ್ತಡಕ್ಕಲ್ಲ, ರೋಧಕ್ಕೆ.

ಇನ್ನು ರಾಜಕೀಯ. ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. 1865ರ ಚುನಾವಣೆಯಲ್ಲಿ ಲಿಬರಲ್ ಪಕ್ಷದಿಂದ ಗ್ರೀನಿಚ್‌ನಲ್ಲಿ ಗೆದ್ದರು. ಅದೇ ಗ್ರೀನಿಚ್, ಕೇಬಲ್ ಹೊಸೆದ ಊರು. ಅವರು ಸದಸ್ಯರಾಗಿದ್ದಾಗಲೇ, 1868ರ ಜುಲೈನಲ್ಲಿ, ಖಾಸಗಿ ಟೆಲಿಗ್ರಾಫ್ ಕಂಪನಿಗಳನ್ನು ಸರ್ಕಾರ ಕೊಳ್ಳುವ ಕಾನೂನು ಆಯಿತು. ಆ ವರ್ಷದ ಚುನಾವಣೆಗೆ ಬ್ರೈಟ್ ನಿಲ್ಲಲಿಲ್ಲ. ಗ್ರೀನಿಚ್‌ನಿಂದ ಆರಿಸಿಬಂದವರಲ್ಲಿ ಗ್ಲ್ಯಾಡ್‌ಸ್ಟನ್ ಒಬ್ಬರು, ಮುಂದೆ ಪ್ರಧಾನಿಯಾದವರು. ಬ್ರೈಟ್ ವೆಸ್ಟ್ ಇಂಡೀಸ್ ಕಡಲಿಗೆ ಕೇಬಲ್ ಹಾಕಲು ಹೊರಟಿದ್ದರು. ಅಲ್ಲಿ ಹವಳದ ಬಂಡೆಗೆ ಉಜ್ಜಿ ಕೇಬಲ್ ಸವೆಯುತ್ತಿತ್ತು, ಜ್ವರ ಜನರನ್ನು ಮಲಗಿಸುತ್ತಿತ್ತು. 1888ರ ಮೇ 3ರಂದು, ಐವತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಸಂಸತ್ತಿನ ಭಾಷಣಗಳನ್ನು ಇನ್ನೊಬ್ಬರಿಂದ ಕೇಳಿ, ನನ್ನ ಸಮಯ ತಾಮ್ರಕ್ಕೇ ಹೋಯಿತು. ನಮಸ್ಕಾರ.