ಬೆಲ್ ಹೊಡೆದರೆ ಮುಗಿಯಿತಾ? ಲಂಡನ್‌ನ ಕಾಲುವೆ ದಾರಿಯಲ್ಲಿ ಒಂದು ನಡಿಗೆ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಹಿಂದೆ ಕಾಣುತ್ತಿರುವುದು ಕಿಂಗ್ಸ್ ಕ್ರಾಸ್, ಕೆಳಗೆ ರೀಜೆಂಟ್ಸ್ ಕೆನಾಲ್ ಅನ್ನುವ ಕಾಲುವೆ. ಇಲ್ಲಿಂದ ಕ್ಯಾಮ್ಡನ್ ದಾಟಿ, ಮೃಗಾಲಯದ ಆಚೆ ತನಕ ಹೋಗೋಣ. ಸೈಕಲ್ ಬೇಕಂತಲೇ ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ನಡೆಯುವವರಿಗೆ ಈ ದಾರಿ ಹೇಗಿರುತ್ತದೆ ಅಂತ ತೋರಿಸಬೇಕು.

ಅಗಲ ನೋಡಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ನೀರು, ಹೆಚ್ಚಿನ ಕಡೆ ಬೇಲಿ ಇಲ್ಲ. ಇಷ್ಟು ಜಾಗದಲ್ಲೇ ಓಡುವವರು, ಮಗುವಿನ ಗಾಡಿ ತಳ್ಳುವವರು, ನಾಯಿಗಳು, ಆಫೀಸಿಗೆ ಹೊರಟ ಸೈಕಲ್‌ಗಳು. 1820ರಲ್ಲಿ ಕಾಲುವೆ ಪೂರ್ತಿಯಾದಾಗ ಇದು ಕುದುರೆ ನಡೆಯುವ ದಾರಿ. ಹಗ್ಗ ಕಟ್ಟಿದ ದೋಣಿಯನ್ನು ಕುದುರೆ ದಡದಿಂದ ಎಳೆಯುತ್ತಿತ್ತು. ಅದರ ನಡಿಗೆಗೆ ಎಷ್ಟು ಬೇಕೋ ಅಷ್ಟೇ ಅಗಲ.

ಈಗ ಸೇತುವೆ ಬರುತ್ತದೆ, ಇಲ್ಲಿ ಗಮನವಿಟ್ಟು ನೋಡಿ. ನಿಧಾನ ಮಾಡಿ ಹಾಕಿದ್ದೇನೆ, ಮುಖಗಳನ್ನು ಮಸುಕು ಮಾಡಿದ್ದೇನೆ. ನನ್ನ ಮುಂದೆ ಒಬ್ಬ ತಾಯಿ, ಜೊತೆಗೆ ಒಂದು ಪುಟ್ಟ ಮಗು. ಹಿಂದಿನಿಂದ ಸೈಕಲ್. ಟಿಂಗ್ ಅಂತು, ಅಷ್ಟರಲ್ಲೇ ಪಕ್ಕದಲ್ಲಿತ್ತು. ತಾಯಿ ಗೋಡೆ ಕಡೆ ಸರಿದರು, ಮಗು ನೀರಿನ ಕಡೆ. ಸೈಕಲ್ ಇಬ್ಬರ ನಡುವೆ ತೂರಿ ಹೋಯಿತು! ಯಾರಿಗೂ ಏನೂ ಆಗಲಿಲ್ಲ. ಆದರೂ ನನಗೆ ತುಂಬಾ ಸಿಟ್ಟು ಬಂತು, ಈಗಲೂ ಇದೆ.

ಅವನನ್ನು ಕೇಳಿದ್ದರೆ ಬೆಲ್ ಹೊಡೆದೆನಲ್ಲ ಅನ್ನುತ್ತಿದ್ದ. ಹೊಡೆದ, ನಿಜ. ಆದರೆ ಬೆಲ್ ಕೇಳಿಸಬೇಕು, ಯಾವ ಕಡೆಯಿಂದ ಅಂತ ಗೊತ್ತಾಗಬೇಕು, ಆಮೇಲೆ ಮಗುವಿನ ಕೈ ಹಿಡಿದು ಎಳೆದುಕೊಳ್ಳಬೇಕು. ಸೇತುವೆ ಕೆಳಗೆ ಸದ್ದು ಸುತ್ತಲೂ ಮೊಳಗುತ್ತದೆ, ದಿಕ್ಕೇ ತಿಳಿಯುವುದಿಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದ ಸೈಕಲ್ ಎರಡು ಸೆಕೆಂಡಿಗೆ 11 ಮೀಟರ್ ಬರುತ್ತದೆ. ಮೂರು ಮೀಟರ್ ದೂರದಲ್ಲಿ ಬೆಲ್ ಹೊಡೆದರೆ ಏನು ಪ್ರಯೋಜನ? ಇಪ್ಪತ್ತು ಮೀಟರ್ ಇರುವಾಗಲೇ ಹೊಡೆಯಬೇಕು. ಹೊಡೆದ ಮೇಲೂ ಬ್ರೇಕ್ ಮೇಲೆ ಕೈ ಇರಬೇಕು. ಅವರು ತಿರುಗಿ ನೋಡಿ ಜಾಗ ಕೊಟ್ಟ ಮೇಲೆ ನಡಿಗೆಯ ವೇಗದಲ್ಲಿ ದಾಟಬೇಕು. ಜಾಗ ಕೊಡದಿದ್ದರೆ ಹಿಂದೆಯೇ ಬರಬೇಕು, ಅಷ್ಟೇ.

ನಮ್ಮ ಕಡೆ ಹಾರ್ನ್ ಹೊಡೆದರೆ 'ಬರ್ತಾ ಇದ್ದೀನಿ, ಪಕ್ಕಕ್ಕೆ ಸರಿ' ಅಂತ ಅರ್ಥ. ಅದೇ ಅಭ್ಯಾಸದಲ್ಲಿ ಇಲ್ಲಿ ಬೆಲ್ ಹೊಡೆಯಬೇಡಿ. ಈ ಕಾಲುವೆ ದಾರಿಯಲ್ಲಿ ನಡೆಯುವವರಿಗೇ ಮೊದಲ ಆದ್ಯತೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್‌ಗೆ 2022ರ ಜನವರಿ 29ರಿಂದ ಬಂದ ಬದಲಾವಣೆಯ ತಿರುಳೂ ಇದೇ: ಯಾರಿಂದ ಜಾಸ್ತಿ ಪೆಟ್ಟಾಗಬಹುದೋ ಅವರ ಹೊಣೆಯೇ ಜಾಸ್ತಿ. ಹಿಂದಿನಿಂದ ಬಂದು ಹತ್ತಿರದಲ್ಲಿ, ಜೋರಾಗಿ ದಾಟಬೇಡಿ ಅಂತ ಅದರಲ್ಲಿ ಬರೆದೇ ಇದೆ. ಮುಂದಿರುವವರಿಗೆ ಕಿವಿ ಕೇಳದೇ ಇರಬಹುದು, ಕಣ್ಣು ಕಾಣದೇ ಇರಬಹುದು, ಅದು ನೋಡಿದ ತಕ್ಷಣ ನಿಮಗೆ ಗೊತ್ತಾಗದೇ ಇರಬಹುದು ಅಂತಲೂ ಇದೆ.

ಅದನ್ನು ಓದಿದ ಮೇಲೆ ಎರಡೂ ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡು ನಡೆಯುವವರನ್ನು ಬೈಯುವುದು ಬಿಟ್ಟೆ. ಅಂದರೆ, ಪೂರ್ತಿ ಬಿಟ್ಟಿಲ್ಲ. ಒಂದು ಕಿವಿಯಾದರೂ ಖಾಲಿ ಇಟ್ಟುಕೊಳ್ಳಿ, ನಿಮ್ಮ ಒಳ್ಳೆಯದಕ್ಕೇ. ಆದರೆ ಉದ್ದ ಬಿಚ್ಚಿಕೊಳ್ಳುವ ನಾಯಿ ಹಗ್ಗದ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ನಾಯಿ ಪೊದೆಯಲ್ಲಿ, ಯಜಮಾನರು ನೀರಿನ ಪಕ್ಕ, ನಡುವೆ ಕಣ್ಣಿಗೆ ಕಾಣದ ದಾರ. ಸೈಕಲ್ ಬರಲಿ ಬಿಡಲಿ, ಅದು ಚಿಕ್ಕದಾಗಿಯೇ ಇರಬೇಕು.

ಆಹಾ, ಈ ದೋಣಿ ನೋಡಿ! ಮೇಲೆ ಗಿಡ, ಸೌದೆ, ಒಂದು ಬೆಕ್ಕು. ಇದರಲ್ಲೇ ಜನ ಸಂಸಾರ ಮಾಡುತ್ತಾರೆ. ದೋಣಿ ಕಟ್ಟಿ ನಿಲ್ಲಿಸಲು ಸ್ವಂತ ಜಾಗ ಇಲ್ಲದವರು ಸಾಮಾನ್ಯವಾಗಿ 14 ದಿನಕ್ಕಿಂತ ಜಾಸ್ತಿ ಒಂದೇ ಕಡೆ ನಿಲ್ಲುವಂತಿಲ್ಲ. ಚಳಿಗಾಲದಲ್ಲಿ ನೀರು ತುಂಬಿಸಿಕೊಳ್ಳುವುದು ಹೇಗೆ, ಒಲೆ ಹೇಗೆ... ಅಯ್ಯೋ, ಶಾಟ್ ಮುಗಿಯಿತು. ಕ್ಯಾಮ್ಡನ್ ಬಂತು. ಈ ಜನಜಂಗುಳಿಯಲ್ಲಿ ಸೈಕಲ್‌ನವರು ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ಆ ಮಗುವನ್ನು ನೋಡಿದಾಗ ಇಲ್ಲಿ ಸೈಕಲ್ಲೇ ಬೇಡ ಅನ್ನಿಸಿತ್ತು. ಈಗ ಅನ್ನಿಸುತ್ತಿಲ್ಲ. ಮೇಲಿನ ರಸ್ತೆಯಲ್ಲಿ ಬಸ್ಸು, ಲಾರಿ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವವರಿಗೆ ಕೆಳಗಿನ ಈ ದಾರಿ ಬೇಕೇ ಬೇಕು. ಅವಸರ ಇರುವವರು ಮಾತ್ರ ದಯವಿಟ್ಟು ರಸ್ತೆ ಹಿಡಿಯಿರಿ.

ನಡೆಯುವವರಿಗೂ ಒಂದು ಮಾತು. ಎಡಕ್ಕೋ ಬಲಕ್ಕೋ ಅನ್ನುವ ನಿಯಮ ಇಲ್ಲಿಲ್ಲ. ಬೆಲ್ ಕೇಳಿದ ಕೂಡಲೇ ಹಾರಬೇಡಿ. ಇದ್ದ ಗೆರೆಯಲ್ಲೇ ನಡೆಯುತ್ತಾ, ಹಿಂದೆ ನೋಡಿ, ಆಮೇಲೆ ಸರಿಯಿರಿ. ಮಕ್ಕಳು ಗೋಡೆ ಕಡೆ ಇರಲಿ.

ಇದು ಮ್ಯಾಕಲ್ಸ್‌ಫೀಲ್ಡ್ ಸೇತುವೆ. 1874ರಲ್ಲಿ ಸಿಡಿಮದ್ದಿನ ದೋಣಿ ಇದರ ಕೆಳಗೇ ಸಿಡಿದು ಸೇತುವೆ ಪುಡಿಯಾಯಿತು, ದೋಣಿಯ ಮೂವರು ಸತ್ತರು. ಕಬ್ಬಿಣದ ಕಂಬ ಮುಟ್ಟಿ ನೋಡಿ, ಹಗ್ಗ ತಿಕ್ಕಿ ಬಿದ್ದ ಗೀರುಗಳು ಎರಡೂ ಕಡೆ ಇವೆ. ಮತ್ತೆ ಕಟ್ಟುವಾಗ ಕಂಬಗಳನ್ನು ತಿರುಗಿಸಿ ನಿಲ್ಲಿಸಿದ್ದರಿಂದ ಹೀಗೆ. ದಡದಲ್ಲಿ ಒಂದೊಂದು ಕಡೆ ನೀರಿಗಿಳಿಯುವ ಇಳಿಜಾರುಗಳಿವೆ. ಬೆದರಿ ಕಾಲುವೆಗೆ ಬಿದ್ದ ಕುದುರೆಗಳು ಹತ್ತಿ ಬರಲಿ ಅಂತ ಮಾಡಿದ್ದು. ನಡೆಯುವ ಕುದುರೆಯೇ ಬೀಳುತ್ತಿದ್ದ ದಾರಿ ಇದು, ಸೈಕಲ್ ಇಲ್ಲಿ ಓಟಕ್ಕೆ ಬಿಡಬೇಡಿ.

ಬ್ಯಾಟರಿ ಕೆಂಪಾಯಿತು. ನಿಮ್ಮೂರಿನ ಕೆರೆ ದಾರಿಯಲ್ಲಿ ಸೈಕಲ್ ಬಿಡುತ್ತಾರಾ, ಬಿಟ್ಟರೆ ಹೇಗೆ ನಡೆಯುತ್ತದೆ, ಬರೆದು ತಿಳಿಸಿ. ಸಿಗೋಣ.