ರೈಲಿಲ್ಲದ ನಿಲ್ದಾಣ, ಅರವತ್ತು ಪೌಂಡಿನ ದಂಡ

ನಮಸ್ಕಾರ. ನನ್ನ ಹಿಂದಿರುವ ಕಮಾನನ್ನು ಈಗಲೇ ಕಣ್ತುಂಬ ನೋಡಿಬಿಡಿ. ಇನ್ನು ಹತ್ತು ನಿಮಿಷಕ್ಕೆ ಮಳೆ ಬರುತ್ತದೆ. ಮ್ಯಾಂಚೆಸ್ಟರಿನಲ್ಲಿ ಇಷ್ಟು ಹೇಳಲು ಪಂಚಾಂಗ ಬೇಕಿಲ್ಲ. ನಿಲ್ದಾಣದ ಮುಖವಿದೆ, ನಿಲ್ದಾಣದ ಗಡಿಯಾರವಿದೆ, ಗೋಡೆಯ ಮೇಲೆ ಮ್ಯಾಂಚೆಸ್ಟರ್ ಸೆಂಟ್ರಲ್ ಎಂಬ ಹೆಸರೂ ಇದೆ. ರೈಲು ಮಾತ್ರ 1969ರ ಮೇ ತಿಂಗಳಿನಿಂದ ಬಂದಿಲ್ಲ. ಲಂಡನ್ನಿನ ಗೆಳೆಯನೊಬ್ಬ ಕಳೆದ ವರ್ಷ ಹೊರಡುವ ಮೊದಲು ಫೋನ್ ಮಾಡಿ, ಸೆಂಟ್ರಲ್‌ನಲ್ಲಿ ಇಳಿಯುತ್ತೇನೆ, ಅಲ್ಲಿಗೇ ಬಾ ಎಂದಿದ್ದ. ಐವತ್ತು ವರ್ಷ ಮುಂಚೆ ಹೊರಡಬೇಕಿತ್ತು ಕಣಯ್ಯಾ ಎಂದೆ.

ಒಳಗೆ ಯಾವುದೋ ಸಮ್ಮೇಳನ ನಡೆಯುತ್ತಿದೆ. ಕೊರಳಲ್ಲಿ ಗುರುತಿನ ಚೀಟಿ ಇಲ್ಲದವರಿಗೆ ಪ್ರವೇಶವಿಲ್ಲ. ಆದ್ದರಿಂದ ಗಾಜಿಗೆ ಮೂಗು ಒತ್ತಿ ತೋರಿಸುತ್ತಿದ್ದೇನೆ, ಕ್ಷಮಿಸಿ. ಆ ಚಾವಣಿಯ ಅಗಲ 64 ಮೀಟರ್. ನಡುವೆ ಒಂದೇ ಒಂದು ಕಂಬವಿಲ್ಲ. 1880ರಲ್ಲಿ ಮೂರು ರೈಲು ಕಂಪನಿಗಳು ಸೇರಿಕೊಂಡಿದ್ದ ಚೆಷೈರ್ ಲೈನ್ಸ್ ಕಮಿಟಿ ಇದನ್ನು ತೆರೆಯಿತು. ಇಲ್ಲಿಂದ ಹೊರಟ ರೈಲು ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳನ್ನು ದಾಟಿ ಲಂಡನ್ನಿನ ಸೇಂಟ್ ಪಾಂಕ್ರಾಸ್ ಸೇರುತ್ತಿತ್ತು. ಅಲ್ಲಿನ ಕಮಾನು ಇದಕ್ಕಿಂತ ಒಂಬತ್ತು ಮೀಟರ್ ಅಗಲ. ಒಂದು ಕಮಾನಿನ ಕೆಳಗೆ ಹತ್ತಿ ಇನ್ನೊಂದು ಕಮಾನಿನ ಕೆಳಗೆ ಇಳಿಯುವ ಪ್ರಯಾಣ! 1960ರಿಂದ 1966ರವರೆಗೆ ಮಿಡ್‌ಲ್ಯಾಂಡ್ ಪುಲ್‌ಮನ್ ಎಂಬ ನೀಲಿ ಬಣ್ಣದ ಡೀಸೆಲ್ ರೈಲು ಓಡುತ್ತಿತ್ತು, ಬರೀ ಮೊದಲ ದರ್ಜೆ. ನನ್ನಂಥವನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈ ಬೀಸಬೇಕಿತ್ತು, ಅಷ್ಟೇ. ಆ ಹೊತ್ತಿಗೆ ಲಂಡನ್ನಿನ ಇನ್ನೊಂದು ನಿಲ್ದಾಣವಾದ ಯೂಸ್ಟನ್‌ಗೆ ಹೋಗುವ ಮಾರ್ಗಕ್ಕೆ ವಿದ್ಯುತ್ ಬಂತು. ಪ್ರಯಾಣಿಕರು ಆ ರೈಲು ಹೊರಡುವ, ಇದೇ ಊರಿನ ಪಿಕ್ಯಾಡಿಲಿ ನಿಲ್ದಾಣಕ್ಕೆ ಹೋದರು. ಇದರ ಕಥೆ ಮುಗಿಯಿತು.

ಮುಚ್ಚಿದ ಮೇಲೆ ಇದು ಏನಾಯಿತು ಗೊತ್ತೇ? ಕಾರು ನಿಲ್ಲಿಸುವ ಜಾಗ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮಹಾ ಕಮಾನಿನ ಕೆಳಗೆ ಸಾಲುಸಾಲು ಕಾರುಗಳು.

ಕಾರು ಎಂದೆನಲ್ಲ, ಅದನ್ನು ಹೇಳದೆ ಮುಂದೆ ಹೋಗಲಾರೆ. ಇದೇ ನಿಲ್ದಾಣವನ್ನು ಚಿತ್ರೀಕರಿಸಲು ಮೂರು ವಾರದ ಹಿಂದೆ ಬಂದಿದ್ದೆ. ಎಲ್ಲೋ ಒಂದು ಕಡೆ ಕಾರು ನಿಲ್ಲಿಸಿದೆ. ಎಲ್ಲಿ, ಯಾರದ್ದು ಎಂದು ಕೇಳಬೇಡಿ. ಯಂತ್ರಕ್ಕೆ ಕಾರಿನ ಸಂಖ್ಯೆ ಒತ್ತಿದೆ, ಎಂಟು ಪೌಂಡ್ ಕಟ್ಟಿದೆ, ಚೀಟಿ ಬಂತು, ಜೇಬಿಗಿಟ್ಟೆ. ಹನ್ನೊಂದು ದಿನದ ನಂತರ ಮನೆಗೆ ಪತ್ರ. ನೂರು ಪೌಂಡ್ ದಂಡ, ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರವತ್ತು. ಅಪರಾಧವೇನೆಂದರೆ, ನನ್ನ ಕಾರಿನ ಸಂಖ್ಯೆಯಲ್ಲಿರುವ ‘ಓ’ ಅಕ್ಷರದ ಬದಲು ನಾನು ಸೊನ್ನೆ ಒತ್ತಿದ್ದೇನೆ! ಕ್ಯಾಮೆರಾ ಕಂಡ ಕಾರು ಹಣ ಕೊಟ್ಟಿಲ್ಲವಂತೆ. ಹಣ ಕೊಟ್ಟ ಕಾರು ಭೂಮಿಯ ಮೇಲೇ ಇಲ್ಲವಂತೆ. ಎಂಟು ಪೌಂಡನ್ನು ಮಾತ್ರ ಯಾವ ಅನುಮಾನವೂ ಇಲ್ಲದೆ ಇಟ್ಟುಕೊಂಡಿದ್ದಾರೆ. ಚೀಟಿಯ ಚಿತ್ರ ಲಗತ್ತಿಸಿ ಮೇಲ್ಮನವಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಹೆಂಡತಿಯಂತೂ "ಸೊನ್ನೆಗೂ ‘ಓ’ಗೂ ವ್ಯತ್ಯಾಸ ಗೊತ್ತಾಗದವರು ಇತಿಹಾಸ ಹೇಳಲು ಹೊರಟಿದ್ದೀರಲ್ಲ" ಎಂದಳು. ಚೀಟಿ ಇನ್ನೂ ಪರ್ಸಿನಲ್ಲೇ ಇದೆ. ನೋಡಿ, ಇಲ್ಲಿ, ಸಮಯ ಸಹಿತ. ಸರಿ, ಬಿಡಿ.

ಏನು ಹೇಳುತ್ತಿದ್ದೆ? ಹೌದು, ಕಾರುಗಳು. ಇಷ್ಟೆಲ್ಲ ಬೈದರೂ ನನ್ನ ಅಭಿಪ್ರಾಯ ಕೇಳಿದರೆ, ಈ ನಿಲ್ದಾಣವನ್ನು ಉಳಿಸಿದ್ದೇ ಕಾರು ನಿಲ್ದಾಣ. ಒಂದಿಷ್ಟು ಕಾಸು ಹುಟ್ಟುತ್ತಿತ್ತು, ಕೆಡವಲು ಯಾರಿಗೂ ಅವಸರವಿರಲಿಲ್ಲ...

ತಡೆಯಿರಿ, ಈ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಗ್ಲಾಸ್ಗೋದ ಸೇಂಟ್ ಇನೋಕ್ ನಿಲ್ದಾಣವೂ ಮುಚ್ಚಿದ ಮೇಲೆ ಕಾರು ನಿಲ್ಲಿಸುವ ಜಾಗವೇ ಆಗಿತ್ತು. 1977ರಲ್ಲಿ ಅದನ್ನು ನೆಲಸಮ ಮಾಡಿದರು. ಆದ್ದರಿಂದ ಕಾರುಗಳಿಗೆ ಕೊಟ್ಟ ಪುಣ್ಯ ವಾಪಸ್ಸು. ಇಲ್ಲಿ ಇನ್ನೂ ರೈಲು ಓಡುತ್ತಿದ್ದಾಗಲೇ, 1963ರಲ್ಲಿ, ಕಟ್ಟಡ ಸಂರಕ್ಷಿತ ಪಟ್ಟಿಗೆ ಸೇರಿತ್ತು. 1978ರಲ್ಲಿ ಗ್ರೇಟರ್ ಮ್ಯಾಂಚೆಸ್ಟರಿನ ಆಡಳಿತ ಇದನ್ನು ಕೊಂಡುಕೊಂಡಿತು. ಒಂದು ಸಹಿ, ಒಂದು ಖರೀದಿ, ಇವೆರಡೇ ಉಳಿಸಿದ್ದು.

1986ರಲ್ಲಿ ಜಿ-ಮೆಕ್ಸ್ ಎಂಬ ಹೆಸರಿನಲ್ಲಿ ಪ್ರದರ್ಶನ ಸಭಾಂಗಣವಾಗಿ ತೆರೆಯಿತು. ಆ ಹೆಸರು ನನಗೆ ಹೊಟ್ಟೆನೋವಿನ ಮಾತ್ರೆಯಂತೆ ಕೇಳಿಸುತ್ತದೆ. ಅವರಿಗೂ ಹಾಗೇ ಅನ್ನಿಸಿರಬೇಕು, 2007ರಲ್ಲಿ ಹಳೆಯ ಹೆಸರನ್ನೇ ಮರಳಿ ಇಟ್ಟರು. ಸಂಗೀತ ಕಚೇರಿ, ಪಕ್ಷಗಳ ಅಧಿವೇಶನ, 2002ರ ಕಾಮನ್‌ವೆಲ್ತ್ ಕ್ರೀಡಾಕೂಟದ ಜಿಮ್ನಾಸ್ಟಿಕ್ಸ್, ಎಲ್ಲ ಇಲ್ಲಿ ನಡೆದಿವೆ. 2020ರ ಏಪ್ರಿಲ್‌ನಲ್ಲಿ ಇದೇ ಚಾವಣಿಯ ಕೆಳಗೆ ಕೋವಿಡ್ ರೋಗಿಗಳಿಗೆ ತಾತ್ಕಾಲಿಕ ನೈಟಿಂಗೇಲ್ ಆಸ್ಪತ್ರೆ ಎದ್ದಿತು. ಕಂಬವಿಲ್ಲದ ಅಷ್ಟು ದೊಡ್ಡ ನೆಲ ಊರ ನಡುವೆ ಇನ್ನೆಲ್ಲಿ ಸಿಗಬೇಕು ಹೇಳಿ. ರೈಲಿನ ಹೊಗೆಗಾಗಿ ಎತ್ತರಿಸಿದ ಚಾವಣಿ, ಹಾಸಿಗೆಗಳ ಸಾಲಿಗೂ ಒದಗಿತು.

ಕ್ಯಾಮೆರಾ ಎಡಕ್ಕೆ ತಿರುಗಿಸುತ್ತೇನೆ. ಆ ಕೆಂಪು ಇಟ್ಟಿಗೆಯ ಹೋಟೆಲು ಮಿಡ್‌ಲ್ಯಾಂಡ್. ರೈಲು ಪ್ರಯಾಣಿಕರಿಗೆಂದೇ ಕಟ್ಟಿ 1903ರಲ್ಲಿ ತೆರೆದದ್ದು. ಮರುವರ್ಷ ಮೇ 4ರಂದು ರೋಲ್ಸ್ ಮತ್ತು ರಾಯ್ಸ್ ಮೊದಲ ಬಾರಿ ಭೇಟಿಯಾದದ್ದು ಅಲ್ಲೇ. ಮತ್ತೆ ಕಾರು! ಈ ಜಾಗಕ್ಕೂ ಕಾರಿಗೂ ಏನೋ ಋಣಾನುಬಂಧ. ಇಲ್ಲಿ ಮುಂದೆ ಕಾಣುವ ದುಂಡು ಮೆಟ್ಟಿಲುಗಳು ಪೀಟರ್‌ಲೂ ಸ್ಮಾರಕ. ಮತದಾನದ ಹಕ್ಕು ಕೇಳಲು 1819ರಲ್ಲಿ ಈ ಬಯಲಿನಲ್ಲಿ ಸೇರಿದ್ದ ಜನರ ಮೇಲೆ ಕುದುರೆ ಸವಾರರು ನುಗ್ಗಿದರು. ಹತ್ತಿ ನಿಂತು ಮಾತಾಡಲೆಂದು ಮಾಡಿದ ಸ್ಮಾರಕ, ಗಾಲಿಕುರ್ಚಿಯಲ್ಲಿರುವವರು ಮಾತ್ರ ಹತ್ತಲಾರರು. 2019ರಲ್ಲೇ ಜನ ಇದನ್ನು ಎತ್ತಿ ಆಡಿದರು, ಸರಿಯಾಗಿಯೇ ಆಡಿದರು.

ಬಂತು ನೋಡಿ ಮಳೆ. ಬೇಗ ಬೇಗ ಕ್ಯಾಸಲ್‌ಫೀಲ್ಡ್ ಕಡೆ ಹೋಗೋಣ. ಇದು 1892ರ ಉಕ್ಕಿನ ಮೇಲ್ಸೇತುವೆ. ರೈಲು ನಿಂತ ಮೇಲೆ ದಶಕಗಳ ಕಾಲ ಬರಿದಾಗಿ ಬಿದ್ದಿತ್ತು. 2022ರ ಜುಲೈನಿಂದ ಅದರ ಮೇಲೆ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಕಾಪಾಡುವ ಸಂಸ್ಥೆ ಉದ್ಯಾನ ಮಾಡಿದೆ. ಕುಂಡಗಳಲ್ಲಿ ಜರಿಗಿಡಗಳು ಚೆನ್ನಾಗಿವೆ. ಇನ್ನೊಂದಿಷ್ಟು ಬೆಂಚು ಹಾಕಬಹುದಿತ್ತು ಎಂದು ಹೇಳಲು ಹೊರಟಿದ್ದೆ, ಆದರೆ ಈ ಮಳೆಯಲ್ಲಿ ಯಾರು ಕೂರುತ್ತಾರೆ.

ಪಕ್ಕದ ಸೇತುವೆಯ ಮೇಲೆ ಹಳದಿ ಟ್ರಾಮ್ ಬರುತ್ತಿದೆ, ಕಂಡಿತೇ? ಸೆಂಟ್ರಲ್‌ಗೆ ಬರುತ್ತಿದ್ದ ರೈಲುಗಳ ದಾರಿಯಲ್ಲೇ ಅದು ಬಂದು, ಕಮಾನಿನ ಮಗ್ಗುಲಲ್ಲಿ ರಸ್ತೆಗೆ ಇಳಿಯುತ್ತದೆ. ನಾನು ಅದನ್ನೇ ಹಿಡಿಯಬೇಕು, ಇವತ್ತು ಕಾರು ತಂದಿಲ್ಲ. ಓಡುತ್ತಿದ್ದೇನೆ, ಚಿತ್ರ ಅಲುಗಾಡಿದರೆ ಬೈಯಬೇಡಿ.