ಡ್ರ್ಯಾಕ್ಸ್ ಹಾಲ್: ಒಂದು ಕಬ್ಬಿನ ತೋಟ ಮತ್ತು ಚರ್ಚಿನ ದಾಖಲೆಗಳು

ನಮಸ್ಕಾರ. ತೀರಿಕೊಂಡವರ ಹೆಸರಿನಲ್ಲಿರುವ ಜಮೀನಿಗೆ ಪೌತಿ ಖಾತೆ ಮಾಡಿಸಬೇಕಾದರೆ ಮೊದಲು ವಂಶವೃಕ್ಷ ಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷ್ ವಸಾಹತುಗಾರರ ಆಸ್ತಿಯ ಜಾಡು ಹಿಡಿಯುವವರೂ ವಂಶವೃಕ್ಷದಿಂದಲೇ ಆರಂಭಿಸುತ್ತಾರೆ. ಪ್ಯಾರಿಷ್ ಎಂಬ ಸ್ಥಳೀಯ ವಿಭಾಗಗಳ ಚರ್ಚುಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ದಾಖಲೆಗಳೇ ಅದಕ್ಕೆ ಆಧಾರ. ಆದರೆ ಒಡೆಯರ ವಂಶವನ್ನಷ್ಟೇ ಬರೆದು ಕೈತೊಳೆದುಕೊಳ್ಳುವ ಸಂಶೋಧನೆಯನ್ನು ಜಮೀನಿನ ಚರಿತ್ರೆ ಎನ್ನಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಸೇಂಟ್ ಜಾರ್ಜ್ ಪ್ಯಾರಿಷ್‌ನ ಡ್ರ್ಯಾಕ್ಸ್ ಹಾಲ್ ಎಂಬ ಕಬ್ಬಿನ ತೋಟವನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಇಂಗ್ಲಿಷರು 1627ರಲ್ಲಿ ಈ ದ್ವೀಪದಲ್ಲಿ ನೆಲೆಯೂರಿದರು. ಮೊದಮೊದಲು ಬಂದವರಲ್ಲಿ ಒಬ್ಬನಾದ ಜೇಮ್ಸ್ ಡ್ರ್ಯಾಕ್ಸ್, 1640ರ ದಶಕದಲ್ಲಿ ಗುಲಾಮರ ದುಡಿಮೆಯಿಂದ ಸಕ್ಕರೆ ತೆಗೆದು ಶ್ರೀಮಂತನಾದ. ಅವನ ಮಗ ಹೆನ್ರಿ 1682ರಲ್ಲಿ ತೀರಿಕೊಂಡಾಗ ಆಸ್ತಿ ಹೋದದ್ದು ಸೋದರಳಿಯ ಥಾಮಸ್ ಶೆಟರ್ಡನ್‌ನಿಗೆ, ಅವನು ಡ್ರ್ಯಾಕ್ಸ್ ಎಂಬ ಹೆಸರನ್ನೂ ಇಟ್ಟುಕೊಂಡ. ಮುಂದೆ ಜೇನ್ ಫ್ರಾನ್ಸೆಸ್ ಎಂಬ ವಾರಸುದಾರಳನ್ನು 1827ರಲ್ಲಿ ಮದುವೆಯಾದ ಜಾನ್ ಸಾಬ್ರಿಜ್ ಕೂಡ ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ. ಮೇಲ್ನೋಟಕ್ಕೆ ಗಂಡುಸಂತಾನದ ಒಂದೇ ಧಾರೆಯಂತೆ ಕಾಣುವ ಈ ಮನೆತನದಲ್ಲಿ ಜಮೀನು ಮತ್ತೆ ಮತ್ತೆ ಹೆಣ್ಣುಮಕ್ಕಳ ಮೂಲಕ ಕೈ ಬದಲಾಯಿಸಿದೆ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಹೆಂಡತಿಯ ಆಸ್ತಿಯ ಮೇಲಿನ ಹತೋಟಿ ಗಂಡನದಾಗಿದ್ದರಿಂದ ಸರ್ಕಾರಿ ಕಾಗದಗಳಲ್ಲಿ ಗಂಡಸರ ಹೆಸರೇ ಮುಂದೆ ನಿಲ್ಲುತ್ತದೆ. ಯಾವ ಹೆಣ್ಣಿನ ಕೈಯಿಂದ ಅದು ಅವರಿಗೆ ಬಂತು ಎಂಬುದನ್ನು ಹೇಳುವುದು ಮದುವೆಯ ದಾಖಲೆ. ಪ್ಯಾರಿಷ್ ದಾಖಲೆಗಳ ನಿಜವಾದ ಬೆಲೆ ಇರುವುದು ಇಲ್ಲಿ.

ಅವುಗಳ ದೊಡ್ಡ ಕೊರತೆಯೂ ಅಲ್ಲೇ ಇದೆ. ಗುಲಾಮರು ಕ್ರೈಸ್ತರಾಗುವುದನ್ನು ತೋಟದ ಒಡೆಯರು ವಿರೋಧಿಸುತ್ತಿದ್ದುದರಿಂದ, ಸುಮಾರು ಒಂದೂವರೆ ಶತಮಾನದವರೆಗೆ ಚರ್ಚಿನ ದಾಖಲೆಗಳಲ್ಲಿ ಅವರ ಹೆಸರುಗಳು ತೀರ ವಿರಳ. ಹುಟ್ಟಿ, ದುಡಿದು, ಸತ್ತು ಅದೇ ಮಣ್ಣಿಗೆ ಸೇರಿದ ಸಾವಿರಾರು ಜನರು ಆ ಹಾಳೆಗಳ ಮಟ್ಟಿಗೆ ಇರಲೇ ಇಲ್ಲ. ಇದನ್ನು ಕೇವಲ ದಾಖಲೆಯ ಅಭಾವವೆಂದು ಕೆಲವರು ತಳ್ಳಿಹಾಕುತ್ತಾರೆ, ನಾನು ಒಪ್ಪುವುದಿಲ್ಲ. ಬರೆಯದೆ ಬಿಟ್ಟವರು ಬೇಕೆಂದೇ ಬಿಟ್ಟರು. ಗವರ್ನರ್ ಜೊನಾಥನ್ ಅಟ್ಕಿನ್ಸ್ 1680ರಲ್ಲಿ ಲಂಡನ್ನಿಗೆ ಕಳಿಸಿದ ಪಟ್ಟಿಗಳನ್ನೇ ನೋಡಿ: ಪ್ಯಾರಿಷ್‌ವಾರು, ಒಡೆಯನ ಹೆಸರಿನ ಎದುರಿಗೆ ಅವನ ಎಕರೆಗಳು, ಬಿಳಿಯ ಆಳುಗಳು, ಕಪ್ಪು ಗುಲಾಮರು ಎಲ್ಲವನ್ನೂ ಲೆಕ್ಕ ಹಾಕಲಾಗಿದೆ. ಎಣಿಸಲು ಅವರಿಗೆ ಬರುತ್ತಿತ್ತು, ಹೆಸರು ಹಿಡಿದು ಬರೆಯುವುದು ಮಾತ್ರ ಬೇಕಿರಲಿಲ್ಲ.

ಹೆಸರುಗಳು ವ್ಯವಸ್ಥಿತವಾಗಿ ಸಿಗುವುದು 1817ರಿಂದ 1834ರವರೆಗೆ ಮೂರು ವರ್ಷಕ್ಕೊಮ್ಮೆ ಸರ್ಕಾರ ಮಾಡಿಸಿದ ಗುಲಾಮರ ನೋಂದಣಿಯಲ್ಲಿ. ಒಡೆಯರ ವಂಶವೃಕ್ಷದ ಪಕ್ಕದಲ್ಲಿ ಈ ನೋಂದಣಿಯನ್ನಿಟ್ಟು, ತೋಟದಿಂದ ತೋಟಕ್ಕೆ, ತಲೆಮಾರಿನಿಂದ ತಲೆಮಾರಿಗೆ ಓದುವುದು ಶ್ರಮದ ಕೆಲಸ ನಿಜ. ಆದರೆ ಆ ಶ್ರಮವನ್ನು ಸಂಶೋಧಕರು ಐಚ್ಛಿಕವೆಂದು ಭಾವಿಸಕೂಡದು. ಗುಲಾಮಗಿರಿಯ ರದ್ದತಿಗೆ ಬ್ರಿಟನ್ನಿನ ಸಂಸತ್ತು 2 ಕೋಟಿ ಪೌಂಡ್ ಪರಿಹಾರ ಮಂಜೂರು ಮಾಡಿದಾಗ, ಜೇನ್ ಫ್ರಾನ್ಸೆಸ್‌ಳ ಗಂಡನಿಗೆ 189 ಜನರ ಬಾಬ್ತು 4,293 ಪೌಂಡ್ ಸಂದಾಯವಾಯಿತು. ಆ 189 ಜನರಿಗೆ ಒಂದು ಪೆನ್ನಿಯೂ ಸಿಗಲಿಲ್ಲ.

ತೋಟ ಇಂದಿಗೂ ಆ ಮನೆತನದ್ದೇ. ಈಗಿನ ಒಡೆಯ ಬ್ರಿಟನ್ನಿನ ಮಾಜಿ ಸಂಸತ್ ಸದಸ್ಯ ರಿಚರ್ಡ್ ಡ್ರ್ಯಾಕ್ಸ್. ಅದರಲ್ಲಿ ಸುಮಾರು 21 ಹೆಕ್ಟೇರನ್ನು ವಸತಿಗಾಗಿ ಹಣ ಕೊಟ್ಟು ಖರೀದಿಸಲು ಬಾರ್ಬಡೋಸ್ ಸರ್ಕಾರ ಹೊರಟಾಗ ಜನ ಪ್ರತಿಭಟಿಸಿದರು, 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಮಿಯಾ ಮಾಟ್ಲಿ ಆ ಯೋಜನೆಯನ್ನು ತಡೆಹಿಡಿದರು. ಅವರು ಮಾಡಿದ್ದು ಸರಿ. ಮಾರುಕಟ್ಟೆ ದರವನ್ನು ಮಾತ್ರ ನೋಡಿ ಆ ಜಮೀನಿಗೆ ಬೆಲೆ ಕಟ್ಟಿದರೆ, ಒಮ್ಮೆ ಪರಿಹಾರ ಪಡೆದ ಮನೆತನಕ್ಕೇ ಎರಡನೆಯ ಸಲ ಹಣ ಕೊಟ್ಟಂತಾಗುತ್ತದೆ. ಬೆಲೆಯ ಮಾತುಕತೆ ಮತ್ತೆ ಆರಂಭವಾಗುವುದಾದರೆ ಕ್ರಯಪತ್ರಗಳ ಜೊತೆಗೆ 1817ರ ನೋಂದಣಿಯೂ ಮೇಜಿನ ಮೇಲಿರಬೇಕು.